ಅರ್ಧ ತುಂಬಿದ ಕ್ಯಾನು

ನನ್ನ ಗಂಡ ಸಿದ್ಧರಾಮನ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಬೆಳೆದಿದ್ದ ಗಡ್ಡೆಯನ್ನು ಸೋಲಾಪುರದಲ್ಲಿ ತೆಗೆದರು. ಅದು ಹೊತ್ತುಗೊತ್ತಿಲ್ಲದೆ ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತಿತ್ತಂತೆ. ಇವರು ಬೆವರಿ, ಬಿಳಿಚಿಕೊಂಡು, ಎದೆ ಹಿಡಿದು ಕೂರುತ್ತಿದ್ದುದು ಅದಕ್ಕೇ. ದೋಷ ಒಂದು ಜೀನಿನದು, ಮಕ್ಕಳಿಗೂ ಬಂದಿರಬಹುದು ಎಂದರು ಡಾಕ್ಟರು. ಅಂದಿನಿಂದ ಮಗಳು ಪ್ರಣಿತಾ ಆಟವಾಡಿ ಬೆವರಿ ಬಂದರೂ ನನ್ನ ಕೈ ಹಿಟ್ಟಿನಲ್ಲೇ ನಿಂತುಬಿಡುತ್ತಿತ್ತು.

ಅವಳ ಪರೀಕ್ಷೆಗೆ ದೊಡ್ಡದೊಂದು ಕ್ಯಾನು ಕೊಟ್ಟರು. ಒಂದು ಹಗಲು, ಒಂದು ರಾತ್ರಿಯ ಮೂತ್ರವನ್ನೆಲ್ಲ ಅದರಲ್ಲೇ ಹಿಡಿಯಬೇಕು. ಮೈಂದರ್ಗಿಯಿಂದ ಅಕ್ಕಲಕೋಟೆಯ ನಮ್ಮ ಮನೆಗೆ ಬಂದಿದ್ದ ಅತ್ತೆ ಅಕ್ಕನಾಗಮ್ಮ ಅದಕ್ಕೆ ಕಾವಲು ಕೂತರು.

"ಈ ಎದಿ ಬಡಿತ, ಈ ಸಿಟ್ಟು, ಎಲ್ಲಾ ನಿಮ್ಮ ಮಾವನ ಮನಿತನದ್ದು. ನಮ್ಮ ತವರಾಗ ಎಲ್ಲಾರೂ ತಣ್ಣನ್ನ ಮಂದಿ."

"ಮತ್ತ ನಿಮಗೂ ಬೆವರು ಬರ್ತದಲ್ರಿ ಅತ್ತಿ?"

"ಅದು ನಿನ್ನ ಕೈಯಾಗಿನ ಸಾರಿನ ಖಾರಕ್ಕ."

ರಿಪೋರ್ಟು ಬಂತು. ಅಡ್ರಿನಲಿನ್ ಅಂಕಿ ತೀರಾ ಹೆಚ್ಚು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ನಾನು ಮಗಳನ್ನು ತಬ್ಬಿಕೊಂಡೇ ನಿಂತಿದ್ದೆ.

"ಹೆಚ್ಚು ಹ್ಯಾಂಗ ಆಗತದ?" ಎಂದರು ಅತ್ತೆ. "ಪೋರಿದು ಅರ್ಧ ಕ್ಯಾನ್ ಸುದ್ದಾ ಆಗಿರ್ಲಿಲ್ಲ. ನಾನೇ..."

"ನೀವೇ ಏನ್ರಿ?"

"ಮಂದಿ ಭಾಂಡಿ ಖಾಲಿ ಕೊಡಬಾರ್ದು ಅಂತ ನಿನಗ ಕಲಿಸಿದಾಕಿನ ನಾನು. ಅವರ ವಾಟಗದಾಗ ಒಂದ್ ಚಮಚ ಸಕ್ರಿಯರೆ ಹಾಕಿ ಕಳಸ್ತೀವಿ. ಡಾಕ್ಟರ ಕ್ಯಾನ್ ಅರ್ಧಾ ಕಳಸಿದ್ರ ನಮ್ಮ ಮರ್ಯಾದಿ ಏನಾಗಬೇಕು? ಮುಂಜಾನೆ ನಂದೂ ಒಂದಿಷ್ಟು ಹಾಕೀನಿ."

"ಶೀ, ಆಯಿ!" ಎಂದಳು ಪ್ರಣಿತಾ ಅಜ್ಜಿಗೆ.

ಡಾಕ್ಟರು ಕೇಳಿ ಹೊಟ್ಟೆ ಹಿಡಿದು ನಕ್ಕರು. ನಗುನಗುತ್ತಲೇ ಅತ್ತೆಯ ಬಿ.ಪಿ. ನೋಡಿದರು. ನಗು ನಿಂತಿತು. ಈ ಸಲ ಎರಡು ಕ್ಯಾನು ಕೊಟ್ಟು, "ಅಜ್ಜಿ, ನಿಮ್ಮದು ನಿಮ್ಮದ್ರಾಗ," ಎಂದರು.

ಪ್ರಣಿತಾಳದು ಸರಿಯಾಗಿತ್ತು. ಪ್ರತಿ ವರ್ಷ ನೋಡಿಸಬೇಕು. ಈ ವರ್ಷಕ್ಕಂತೂ ನಿರಾಳ. ಅಂಕಿ ಏರಿದ್ದು ಅತ್ತೆಯದು. ಮಗನಿಗಿದ್ದಂಥದೇ ಗಡ್ಡೆ, ಅದೇ ಜೀನು. ಅವರಿಂದಲೇ ಇವರಿಗೆ ಇಳಿದು ಬಂದದ್ದು.

ಆಪರೇಷನ್ ಮುಗಿಸಿ ಮನೆಗೆ ಬಂದ ದಿನ ಅತ್ತೆ ಮಾವನ ಫೋಟೋದ ಮುಂದೆ ಕೈಮುಗಿದು ನಿಂತರು.

"ತಪ್ಪಾತ್ರಿ. ಇಷ್ಟ್ ವರ್ಷ ಸುಮ್ಮಸುಮ್ಮನ ನಿಮ್ಮ ಮನಿತನಕ್ಕ ಅಂದೆ."

ಆಮೇಲೆ ಊಟಕ್ಕೆ ಕೂತು, ಎರಡು ಸಲ ಸಾರು ಹಾಕಿಸಿಕೊಂಡರು. ಹಣೆ ಮುಟ್ಟಿ ನೋಡಿಕೊಂಡರು. ಬೆವರಿರಲಿಲ್ಲ.

"ನಿನ್ನ ಸಾರಿಂದೂ ತಪ್ಪಿಲ್ಲ ಬಿಡವ್ವಾ," ಎಂದು, ಕೊನೆಯ ತುತ್ತು ನುಂಗಿ ಸೇರಿಸಿದರು: "ಉಪ್ಪು ಕಮ್ಮಿ, ಅಷ್ಟ."