ಹಂಗೇ ಇರಿ

ಮತ್ತೆ ಅದೇ ದನಿ, ಪಕ್ಕದ ಕೊಠಡಿಯಲ್ಲಿ, ಯಾರದೋ ಮೊಬೈಲಿನಿಂದ, ಬನ್ನಿ ತುಂಗಮ್ಮ ಬನ್ನಿ, ಇಷ್ಟು ದೂರ ಬಂದವರು ಪೇಟೆಗೂ ಬಂದು ಕಾಫಿ ಕುಡ್ಕಂಡೇ ಹೋಗಿ — ನನ್ನದೇ ದನಿ ಅದು, ಮೂರು ದಿನದಿಂದ, ನೆರೆಗೆ ಮನೆ ಬಿಟ್ಟು ಬಂದಾಗಿನಿಂದ, ಈ ಶಾಲೆಯ ಯಾವುದಾದರೊಂದು ಮೂಲೆಯಲ್ಲಿ ಮಾತಾಡುತ್ತಲೇ ಇದೆ, ಬೀಗರನ್ನು ಕರೆದ ಹಾಗೆ ಹೊಳೆಯನ್ನು ಕರೆಯುತ್ತಿದೆ, ಈಗ ನಗು ಬರುತ್ತದೆ, ಬಂತು, ಅದೂ ನನ್ನದೇ, ಇನ್ನು ಗಾಳಿಯ ಸದ್ದು, ಆಮೇಲೆ ಒಂದು ನಿಮಿಷ ನಲವತ್ತೇಳನೇ ಸೆಕೆಂಡು, ಬೇಡ, ಯಾರಾದರೂ ಆರಿಸಿ ಮಾರಾಯ್ರೆ, ಊಟದ ಗಂಟೆಯಾದರೂ ಹೊಡೆಯಬಾರದೇ — ಆರಿಸಿದರು, ಪುಣ್ಯಾತ್ಮರು. ಎಡಗೈಯನ್ನು ತೊಡೆಯಡಿ ಸಿಕ್ಕಿಸಿಕೊಂಡು ಕೂತಿದ್ದೇನೆ, ಎಂಟನೇ ತರಗತಿಯ ಬೆಂಚಿನಲ್ಲಿ, ಮೊಣಕಾಲು ಡೆಸ್ಕಿಗೆ ತಾಗುತ್ತದೆ, ಕೈಗೆ ಜೋಮು ಹಿಡಿದಿದೆ, ಹಿಡಿಯಲಿ. ಎದುರಿಗೆ ಎರಡು ಬೆಂಚು ಜೋಡಿಸಿ ಹಾಸಿದ ಕಂಬಳಿಯ ಮೇಲೆ ಅವ್ವ, ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರು, ಎಪ್ಪತ್ತನಾಲ್ಕಕ್ಕೆ ಮೂಳೆ ಕೂಡೋದು ಕಷ್ಟ, ಕೂಡಿದ್ರೂ ಮೊದಲಿನ ಹಾಗೆ ನಡೆಯೋಕಾಗಲ್ಲ, ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದು, ದಿನಾ ಎರಡು ಹೊತ್ತು ಹೊಳೆ ನೋಡಿಕೊಂಡು ಬರುತ್ತಿದ್ದವಳು ನಮ್ಮವ್ವ ಕನ್ನಮ್ಮ, ಕೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಮಗಳು ಬಿಂದು ಯಾರೋ ಕಳಿಸಿದ ಹಳೇ ಚೂಡಿದಾರ ತೊಟ್ಟಿದ್ದಾಳೆ, ತೋಳು ಬೆರಳನ್ನೇ ಮುಚ್ಚುತ್ತದೆ, ಕಿಟಕಿಯಲ್ಲಿ ಕೂತು ಕಾಲಾಡಿಸುತ್ತಿದ್ದಾಳೆ. ಶ್ಯಾಮಲಾ ಬಿಸಿನೀರಿನ ಸಾಲಿಗೆ ಹೋಗಿದ್ದಾಳೆ, ಮೂರು ದಿನದಿಂದ ಈ ನನ್ನ ಹೆಂಡತಿ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ, ಲೋಟ ಕೊಡಿ, ಅವ್ವನ್ನ ಹಿಡ್ಕಳಿ, ಮುಗಿಯಿತು. ಅವಳು ಆ ವಿಡಿಯೋ ನೋಡಿದ್ದಾಳೋ ಇಲ್ಲವೋ, ಸದ್ದಿನ ಸಮೇತ ನೋಡಿದ್ದಾಳೋ, ಕೇಳುವ ಧೈರ್ಯ ನನಗಿಲ್ಲ. ಒದ್ದೆ ಚಾಪೆ, ಫಿನಾಯಿಲು, ಸಾರಿನ ಒಗ್ಗರಣೆ, ಮೂರೂ ಕಲಸಿದ ವಾಸನೆ. ಜೀವ ಉಳೀತಲ್ಲ ಬಾಲು, ಮನೆ ಹೋದ್ರೆ ಇನ್ನೊಂದು ಕಟ್ಟಿದ್ರಾಯ್ತು, ಬಂದವರೆಲ್ಲ ಹೇಳುವುದು ಅದನ್ನೇ, ಸಾಗರದಿಂದ ಫೋನು ಮಾಡಿದ ಚಿಕ್ಕಮ್ಮನೂ ಅದನ್ನೇ ಅಂದಳು, ನಾನು ಹೂಂ ಅನ್ನುತ್ತೇನೆ.

ಅವತ್ತು ಬೆಳಿಗ್ಗೆ ಹಿತ್ತಲಿಗೆ ಹೋಗಿ ಬಂದ ಅವ್ವ ಹೇಳಿದಳು, ನೀರಿನ ಬಣ್ಣ ಸಮ ಇಲ್ಲ ಬಾಲು, ಹಿಂದಿನ ಚರಂಡಿ ತಿರುಗಿ ಮನೆ ಕಡೆ ಹರೀತಿದೆ ನೋಡು — ನಾನು ಹಲ್ಲುಜ್ಜುತ್ತಾ ನಕ್ಕೆ, ಮಂಟಪದ ತಲೆ ಕಾಣ್ತಾ ಇದೆಯಲ್ಲ ಅವ್ವ, ಅದು ಮುಳುಗದೆ ನಮ್ಮ ಕೇರಿಗೆ ನೀರು ಬಂದದ್ದು ಯಾವತ್ತಾದ್ರೂ ಇದೆಯಾ. ತೀರ್ಥಹಳ್ಳಿಯಲ್ಲಿ ಹುಟ್ಟಿದವರ ಅಳತೆಗೋಲು ಅದು, ಹೊಳೆಯ ಕಲ್ಲುಮಂಟಪ, ಕಂಬ ಮುಳುಗಿದರೆ ಮಕ್ಕಳಿಗೆ ರಜೆ, ತಲೆ ಮುಳುಗಿದರೆ ದಂಡೆಯವರು ಗಂಟು ಕಟ್ಟಬೇಕು, ನಮ್ಮಪ್ಪ ಜಟ್ಟಿಂಗಪ್ಪ ನನಗೆ ಹೇಳಿದ್ದು, ಅವನಿಗೆ ಅವನಪ್ಪ ಹೇಳಿದ್ದು, ಹಿಂದಿನ ಗದ್ದೆಗೆ ಮಣ್ಣು ತುಂಬಿ ಸೈಟು ಮಾಡಿದ ಮೇಲೆ ಚರಂಡಿಯೇ ಹೊಳೆಗೆ ಹಿತ್ತಲ ಬಾಗಿಲಾಗಿದೆ ಅಂತ ಮಂಟಪಕ್ಕೆ ಹೇಗೆ ಗೊತ್ತಾಗಬೇಕು, ಅವ್ವನಿಗೆ ಗೊತ್ತಾಗಿತ್ತು, ಅವಳ ಮಾತು ಯಾರಿಗೆ ಬೇಕಿತ್ತು. ಅವಳು ಇನ್ನೊಂದು ದೋಸೆ ಹಾಕಿದಳು. ತಿಂದೆ. ಹಳದಿ ರೈನ್‌ಕೋಟು ಹಾಕಿಕೊಂಡೆ, ಮಂಟಪ ಮುಳುಗುವ ಗಳಿಗೆಯನ್ನು ಹಿಡಿಯಬೇಕು, ಪ್ರತಿ ಮಳೆಗಾಲ ಊರಿಗೆ ಮೊದಲ ವಿಡಿಯೋ ನನ್ನದೇ ಆಗಬೇಕು, ಇಪ್ಪತ್ತೆರಡು ವರ್ಷದಿಂದ ಸ್ಟುಡಿಯೋ ಇಟ್ಟವನಲ್ಲವೇ, ಕೋಣಂದೂರಿರಲಿ ಹೊಸನಗರವಿರಲಿ ಮದುವೆ ಅಂದರೆ ಬಾಲುವಿನ ಕ್ಯಾಮೆರಾ, ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಿಗೆ ಬಿತ್ತಂತೆ. ಶ್ಯಾಮಲಾ ಬಾಗಿಲಿಗೆ ಬಂದಳು, ಫೋನ್ ಮಾಡಿದ್ರೆ ತೆಗೀರಿ ಮಾರಾಯ್ರೆ, ಮದುವೆ ಮನೇಲಿ ಮಾಡ್ದಂಗೆ ಬಂದ್ ಮಾಡ್ಕಂಡ್ ಕೂರಬೇಡಿ. ಆಯ್ತು ಅಂದೆ, ಚಪ್ಪಲಿ ಮೆಟ್ಟಿಕೊಂಡೆ.

ಮದುವೆ ಮನೆಯ ರೂಢಿ, ಅದು ಬೆರಳಿಗೆ ಅಂಟಿದ್ದು, ತಲೆಗಲ್ಲ, ಒಮ್ಮೆ ಮೇಳಿಗೆಯ ಮದುವೆಯಲ್ಲಿ ಸರಿಯಾಗಿ ಮುಹೂರ್ತದ ಹೊತ್ತಿಗೆ ಫೋನು ಬಂದು ರೆಕಾರ್ಡಿಂಗ್ ನಿಂತು ತಾಳಿ ಕಟ್ಟಿದ್ದೇ ಬರಲಿಲ್ಲ, ಹುಡುಗಿಯ ಅಪ್ಪ ಎಲ್ಲರೆದುರು ಬೈದರು, ಅಂದಿನಿಂದ ಮೊಬೈಲಿನ ಕ್ಯಾಮೆರಾ ತೆರೆಯುವ ಮೊದಲು ಕರೆ ಬಾರದ ಹಾಗೆ ಫ್ಲೈಟ್ ಮೋಡ್, ಕಣ್ಣುಮುಚ್ಚಿಕೊಂಡು ಒತ್ತುತ್ತೇನೆ, ಸೇತುವೆಯ ಮೇಲೂ ಒತ್ತಿದೆ. ಇನ್ನೊಂದು ರೂಢಿ ಈ ಎಡಗೈಯದು, ಪಂಕ್ತಿಯಲ್ಲೋ ಆರತಕ್ಷತೆಯಲ್ಲೋ ಯಾರಾದರೂ ನನ್ನ ಕಡೆ ಕೈಯೆತ್ತಿದರೆ ಸಾಕು, ಬಲಗೈಯಲ್ಲಿ ಕ್ಯಾಮೆರಾ, ಎಡಗೈ ತಾನಾಗಿ ಮೇಲೇಳುತ್ತದೆ, ಬೆರಳು ಬಿಡಿಸಿ ಅಂಗೈ ತೋರಿಸುತ್ತದೆ, ಹಂಗೇ ಇರಿ, ಹಂಗೇ ಇರಿ, ಚೆನ್ನಾಗಿ ಬರ್ತಾ ಇದೆ. ಹೊಳೆ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ದಿಮ್ಮಿಗಳು ಬರುತ್ತಿದ್ದವು, ಒಂದು ಹುಲ್ಲಿನ ಬಣವೆ ಇಡಿಯಾಗಿ ಬಂತು, ಸೇತುವೆಯ ಮೇಲೆ ಜಾತ್ರೆಯಷ್ಟು ಜನ, ಬಾಲಣ್ಣ ಇಲ್ಲಿ ತಗಳಿ, ಬಾಲಣ್ಣ ಅಲ್ಲಿ ತಗಳಿ, ನನಗೆ ಖುಷಿ, ಸುಳ್ಳೇಕೆ ಹೇಳಲಿ, ಬಹಳ ಖುಷಿಯಲ್ಲಿದ್ದೆ, ಮಂಟಪದಿಂದ ಜೂಮ್ ಎಳೆದು ದಂಡೆಗೆ ತಂದಾಗ ಹೆಂಚಿನ ಮಾಡುಗಳ ನಡುವೆ ಕೆಂಪಗೆ ಏನೋ ಹಾರುತ್ತಿತ್ತು, ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ಅಗೋ, ಯಾರೋ ನಮಗೆ ಹಾಯ್ ಮಾಡ್ತಾ ಇದಾರೆ ನೋಡಿ ಅಂದೆ. ಕೈ ಎದ್ದಿತು. ಗುರುತು ಸಿಗಲಿಲ್ಲವೇ, ನಿಜ ಹೇಳು, ಸಿಗಲಿಲ್ಲ, ಅವ್ವನಾಣೆ, ನೀರು ಎಲ್ಲ ಗುರುತನ್ನೂ ನುಂಗಿತ್ತು, ಗೇಟಿಲ್ಲ, ಹಾದಿಯಿಲ್ಲ, ಬೇಲಿಯಿಲ್ಲ, ಕಂಡದ್ದು ಬರೀ ಮಾಡುಗಳು, ಮಂಟಪದ ತಲೆ ಇನ್ನೂ ಕಾಣುತ್ತಿತ್ತಲ್ಲ, ನಮ್ಮ ಕೇರಿ ಅಂತ ತೋಚಲೇ ಇಲ್ಲ — ಆದರೆ ಬಟ್ಟೆ? ಅದು ಸ್ಟುಡಿಯೋದ ಪರದೆ, ಒಗೆಯಲು ಮನೆಗೆ ತಂದಿದ್ದು, ಅರ್ಧ ಊರಿನವರ ಫೋಟೋದ ಹಿಂದೆ ಇರುವುದು ಆ ಕೆಂಪೇ, ಅಟ್ಟದ ಹೆಂಚು ಸರಿಸಿ ಎದ್ದು ನಿಂತ ಶ್ಯಾಮಲಾ ಸೀರೆ ಬಿಟ್ಟು ಟವೆಲು ಬಿಟ್ಟು ಅದನ್ನೇ ಹುಡುಕಿ ಬೀಸಿದ್ದು ಯಾಕೆ, ನನಗೆ ತಿಳಿಯಲಿ ಅಂತ. ಇಡೀ ಸೇತುವೆಯಲ್ಲಿ ತಿಳಿಯಬೇಕಾಗಿದ್ದವನು ಒಬ್ಬನೇ, ಅವನು ಫೋಕಸ್ ಸರಿಮಾಡುತ್ತಿದ್ದ. ಸೇತುವೆಯಿಂದ ನಮ್ಮ ಮನೆಗೆ ಕೂಗಿದರೆ ಕೇಳುವುದಿಲ್ಲ, ಕೈಯೆತ್ತಿದರೆ ಕಾಣುತ್ತದೆ.

ಇಷ್ಟಾದರೂ ಜನ ಕ್ಷಮಿಸಬಹುದೇನೋ, ಕಾಣಲಿಲ್ಲ ಪಾಪ ಅನ್ನಬಹುದು, ಇನ್ನೊಂದಿದೆ, ಅದು ನನಗೊಬ್ಬನಿಗೇ ಗೊತ್ತು. ಫ್ಲೈಟ್ ಮೋಡ್ ತೆಗೆದ ಕೂಡಲೇ ಮೆಸೇಜು ಬಂತು, ಶ್ಯಾಮಲಾ ಹದಿನಾಲ್ಕು ಸಲ ಕರೆದಿದ್ದಾಳೆ, ಕರೆಂಟು ಹೋಗಿರಬೇಕು ಅಂದುಕೊಂಡೆ, ಅಥವಾ ಕೊತ್ತಂಬರಿ ಸೊಪ್ಪು, ಹದಿನಾಲ್ಕು ಸಲ ಯಾರಾದರೂ ಕೊತ್ತಂಬರಿ ಸೊಪ್ಪಿಗೆ ಕರೆಯುತ್ತಾರೆಯೇ, ಇದೊಂದು ವಿಡಿಯೋ ಹೋಗಲಿ ಆಮೇಲೆ ಮಾಡೋಣ ಅಂದುಕೊಂಡೆ. ಒಂಬತ್ತು ನಿಮಿಷದ್ದನ್ನು ಯಾರದೋ ಕೊಡೆಯಡಿ ನಿಂತು ಕತ್ತರಿಸಿ ಎರಡೂವರೆ ನಿಮಿಷ ಮಾಡಿದೆ, ಕೆಂಪು ಬಟ್ಟೆಯನ್ನು ಮಾತ್ರ ತೆಗೆಯಲಿಲ್ಲ, ಚೆನ್ನಾಗಿ ಬಂದಿತ್ತು. ಗ್ರೂಪುಗಳಿಗೆ ಹಾಕಿದೆ, ಇಂಟರ್ನೆಟ್ ನಿಧಾನ, ಆ ಚಕ್ರ ಸುತ್ತುತ್ತಲೇ ಇತ್ತು, ಫೋನನ್ನು ಆಕಾಶಕ್ಕೆ ಹಿಡಿದುಕೊಂಡು ಸೇತುವೆಯ ಈ ತುದಿಯಿಂದ ಆ ತುದಿಗೆ ನಡೆದೆ, ಅಷ್ಟು ಹೊತ್ತು ಹೆಂಡತಿಗೆ ತಿರುಗಿ ಫೋನು ಮಾಡಬಹುದಿತ್ತು, ಮಾಡಲಿಲ್ಲ, ಮಾಡಿದರೆ ಅಪ್‌ಲೋಡ್ ನಿಲ್ಲುತ್ತದಲ್ಲ, ಥೂ. ಹೋಯಿತು. ಆಮೇಲೆ ಕರೆದೆ. ಅವಳ ಫೋನು ಅಷ್ಟರಲ್ಲಿ ನೀರು ಕುಡಿದಿತ್ತು. ಓಡಿದೆ, ಕೇರಿಯ ತಿರುವಿನಲ್ಲಿ ಪೊಲೀಸರು ಹಗ್ಗ ಕಟ್ಟಿದ್ದರು, ಒಳಗೆ ಎದೆಮಟ್ಟ ನೀರು, ಸೆಳೆತ, ನಮ್ಮನೆ ಸಾರ್, ನಮ್ಮನೆ, ಕೊರಳು ಹಿಡಿದು ಹಿಂದಕ್ಕೆ ತಳ್ಳಿದರು, ಯಾರೋ ಬೆನ್ನು ತಟ್ಟಿದ, ಬಾಲಣ್ಣ ವಿಡಿಯೋ ಸೂಪರ್, ಆಗಲೇ ಬಂತು ನಮ್ಮ ಗ್ರೂಪಿಗೆ. ಹಗ್ಗ ಹಿಡಿದುಕೊಂಡು ನಿಂತೇ ಇದ್ದೆ. ಮೀನು ಹಿಡಿಯುವ ಗುತ್ಯಪ್ಪನ ದೋಣಿ ತಿರುವಿನಲ್ಲಿ ಕಾಣಿಸಿದಾಗ ಅದರಲ್ಲಿ ಶ್ಯಾಮಲಾ, ಬಿಂದು, ಅವರ ನಡುವೆ ಅವ್ವ ಮಲಗಿದ್ದಳು, ಸೀರೆಯ ತುಂಬ ಕೆಸರು, ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು, ನನ್ನನ್ನು ಕಂಡು ನಕ್ಕಳು. ಬಂದ್ಯಾ ಮಗಾ ಅಂದಳು.

ಗುತ್ಯಪ್ಪ ಆಸ್ಪತ್ರೆಯ ಜಗಲಿಯಲ್ಲಿ ತಲೆಯೊರೆಸಿಕೊಳ್ಳುತ್ತ ಹೇಳಿದ, ನಾ ಮೊದಲೇ ಹೋಗಿದ್ದೆ ಬಾಲಣ್ಣ, ಕಿಟಕಿಗೇ ದೋಣಿ ತಾಗಿಸಿದ್ದೆ, ಹತ್ತಿ ಅಂದ್ರೆ ನಿಮ್ಮವ್ವ ಹತ್ತಲಿಲ್ಲ ಮಾರಾಯ್ರೆ. ಅಟ್ಟದ ಏಣಿ ಹತ್ತಲಾಗದೆ ಅವ್ವ ಕೆಳಗೆ ಮೇಜಿನ ಮೇಲೆ ನಿಂತಿದ್ದಳಂತೆ, ಮೇಲಿಂದ ಬಿಂದು ಕೂಗಿದಳಂತೆ, ಅಜ್ಜೀ, ಅಪ್ಪ ಕಂಡ್ರು, ಹಳದಿ ಕೋಟು, ಕೈ ಹಿಂಗ್ ಮಾಡಿದ್ರು. ಅಷ್ಟು ಸಾಕಾಯಿತು ಅವಳಿಗೆ. ನಮ್ಮ ಬಾಲು ಕಂಡಾಯ್ತು ಗುತ್ಯಪ್ಪಾ, ಹಂಗೇ ಇರಿ ಬರ್ತೀನಿ ಅಂತ ಕೈ ಮಾಡಿದಾನೆ, ಬಂದೇ ಬರ್ತಾನೆ, ನೀ ಆಚೆಮನೆ ಬಸುರಿ ಹುಡುಗೀನ ಕರ್ಕಂಡ್ ಹೋಗು ಮೊದಲು. ಅವನು ಹೋದ. ಮತ್ತೆ ಬರಲು ಒಂದೂವರೆ ಗಂಟೆಯಾಯಿತು, ಅಷ್ಟರಲ್ಲಿ ಬಚ್ಚಲ ಗೋಡೆ ಅವಳ ಮೇಲೆ ಕುಸಿದಿತ್ತು. ಹೇಳಿಬಿಡಬೇಕಿತ್ತು ಅಲ್ಲೇ, ಅವ್ವಾ ನಾನು ನಿಮ್ಮನ್ನು ಕಾಣಲೇ ಇಲ್ಲ ಅಂತ, ಬಾಯಿ ತೆರೆದೆ, ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಅವಳು ನರ್ಸಿಗೆ ಹೇಳುತ್ತಿದ್ದಳು, ನನ್ನ ಮಗ ಸೇತುವೆ ಮೇಲಿಂದ ಕಂಡ ನೋಡಮ್ಮ, ಇಲ್ಲಾಂದ್ರೆ ಹೆದರಿಕೇಲೇ ಸತ್ತು ಹೋಗಿರ್ತಿದ್ದೆ. ಬಾಯಿ ಮುಚ್ಚಿದೆ. ಮೂರು ದಿನದಿಂದ ಅವಳು ಹೇಳುತ್ತಲೇ ಇದ್ದಾಳೆ, ಬಡಿಸುವವರಿಗೆ, ಕಂಬಳಿ ಕೊಡುವವರಿಗೆ, ನೋಡಲು ಬಂದ ಅಧಿಕಾರಿಗೆ, ಪ್ರತಿ ಸಲ ಕೈಯೆತ್ತಿ ಬೆರಳು ಬಿಡಿಸಿ ತೋರಿಸುತ್ತಾಳೆ, ಹಿಂಗ್ ಮಾಡ್ದ, ಮತ್ತೆ ಅವರು ನನ್ನ ಕಡೆ ನೋಡಿ ತಲೆದೂಗುತ್ತಾರೆ, ನಾನು ಎಡಗೈಯನ್ನು ತೊಡೆಯಡಿ ಸಿಕ್ಕಿಸಿಕೊಳ್ಳುತ್ತೇನೆ. ಅವಳ ಕನ್ನಡಕ ಹೊಳೆಯ ಪಾಲಾಗಿದ್ದು ಒಳ್ಳೆಯದೇ ಆಯಿತು ಅಂದುಕೊಂಡಿದ್ದೇನೆ, ಸ್ವಂತ ತಾಯಿಯ ಕನ್ನಡಕ ಕಳೆದದ್ದಕ್ಕೆ ಸಮಾಧಾನಪಟ್ಟುಕೊಂಡ ಮಗ ನಾನು.

ಅಜ್ಜೀ ಎದ್ರಾ, ಇದನ್ನ ಹಾಕ್ಕಂಡ್ ನೋಡಿ — ದೀಪ್ತಿ ಟೀಚರ್, ಈ ಕಾಳಜಿ ಕೇಂದ್ರದ ಉಸ್ತುವಾರಿ ಇವರದೇ, ಕೈಯಲ್ಲಿ ಕನ್ನಡಕ, ನಮ್ಮತ್ತೇದು, ಹೊಸ ನಂಬರು ಬಂದ್ಮೇಲೆ ಸುಮ್ನೆ ಇತ್ತು ಅಂದರು. ಅವ್ವ ಹಾಕಿಕೊಂಡಳು, ಹಲಗೆ ನೋಡಿದಳು, ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಗಡ್ಡ ಬಂದಿದೆಯಲ್ಲೋ ಅಂದಳು, ಆಮೇಲೆ, ನಾನು ಹೆದರಿದ್ದನ್ನೇ, ಬಿಂದೂ, ಆ ವಿಡಿಯೋ ತೋರ್ಸೇ, ಊರೆಲ್ಲ ನೋಡ್ತು, ನಾನೊಬ್ಳು ನೋಡಲಿಲ್ಲ. ಅಪ್ಪಾ ಫೋನ್ ಕೊಡಿ. ಚಾರ್ಜಿಲ್ಲ ಅನ್ನಲೇ, ಅರವತ್ತೆರಡು ಇದೆ, ಬೆಳಿಗ್ಗೆ ಚಾರ್ಜಿಗೆ ಹಾಕಿಕೊಟ್ಟವಳು ಬಿಂದುವೇ, ಅವ್ವನಿಗೆ ಕಣ್ಣು ಮಂಜು, ಕಿವಿ ಚುರುಕು, ಪಿಸುಮಾತೂ ಕೇಳುತ್ತದೆ, ಮಗ ಏನಂದ ಅನ್ನುವುದು ಅಕ್ಷರ ಬಿಡದೆ ಕೇಳುತ್ತದೆ, ಹಾಯ್ ಮಾಡ್ತಾ ಇದಾರೆ, ಚೆನ್ನಾಗಿ ಬರ್ತಾ ಇದೆ. ಕೊಟ್ಟೆ, ಬಲಗೈಯಲ್ಲಿ. ಬನ್ನಿ ತುಂಗಮ್ಮ ಬನ್ನಿ, ಶುರುವಾಯಿತು, ಅವ್ವ ನಕ್ಕಳು, ಹೊಳೆ ಹತ್ರ ಎಂತ ತಮಾಷೆ ಮಾಡ್ತೀಯೋ, ನಾನು ಎದ್ದು ಹೊರಗೆ ಹೋಗಬೇಕು, ಒಂದು ನಿಮಿಷವಾಯಿತು, ನಗು ಬಂತು, ಗಾಳಿ, ಈಗ, ಇನ್ನೇನು ಈಗ — ಬಕೆಟು ನೆಲಕ್ಕಿಟ್ಟ ಸದ್ದು, ಶ್ಯಾಮಲಾ, ಯಾವಾಗ ಬಂದಳು, ಸೆರಗಿಗೆ ಕೈ ಒರೆಸಿಕೊಂಡು ಬಿಂದುವಿನ ಭುಜದ ಮೇಲಿಂದ ಬಗ್ಗಿದಳು, ಫೋನಿನ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದಳು, ನನ್ನ ದನಿ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಇಲ್ಲವಾಯಿತು. ಸದ್ದು ಬೇಡ, ತಲೆನೋವು ನಂಗೆ ಅಂದಳು. ಸರಿಯಾಗಿ ಅಲ್ಲಿಗೇ, ಆ ಸೆಕೆಂಡಿಗೇ, ಅಂದರೆ ಅವಳು ಕೇಳಿದ್ದಾಳೆ, ಎಷ್ಟು ಸಲ ಕೇಳಿದ್ದಾಳೆ, ನನ್ನ ಕಡೆ ನೋಡಲಿಲ್ಲ, ನೋಡಿದ್ದರೆ, ಬೈದಿದ್ದರೆ, ಆ ಬಿಸಿನೀರನ್ನೇ ತಲೆಗೆ ಸುರಿದಿದ್ದರೆ — ಅಗಾ ಕೆಂಪು, ನೀನಲ್ವೇನೇ ಶ್ಯಾಮಲಾ ಅದು, ಅವ್ವ ಫೋನಿಗೆ ಮುಖವಿಟ್ಟು ಹುಡುಕುತ್ತಿದ್ದಾಳೆ, ಬಾಲು ಎಲ್ಲೇ, ಅಪ್ಪ ಕಾಣಲ್ಲ ಅಜ್ಜಿ, ಕ್ಯಾಮೆರಾ ಹಿಡ್ದೋರು ಬರಲ್ಲ ಅದ್ರಲ್ಲಿ ಅಂದಳು ಬಿಂದು, ಬರ್ತಾನೆ ನೋಡು, ಬಂದ, ಇದೇ ಕೈ, ಇದೇ ಕೈ ಬಿಂದೂ — ತೋರಿಸಲು ಹೋದ ಅವಳ ಬೆರಳು ಗಾಜಿಗೆ ತಾಗಿ ವಿಡಿಯೋ ನಿಂತಿತು, ಹೊಳೆ ನಿಂತಿತು, ಬೀಸುವ ಕೆಂಪು ಪರದೆ ನಿಂತಿತು, ಅದರ ಮುಂದೆ, ಮೂಲೆಯಲ್ಲಿ, ಮಳೆಹನಿ ಅಂಟಿದ ಅಂಗೈ, ಐದೂ ಬೆರಳು ಬಿಡಿಸಿಕೊಂಡು, ಅವರ ಕಡೆಗೆ, ಹಂಗೇ ಇರಿ ಅನ್ನುವ ಹಾಗೆ.