ಹೇಜಲ್ ಹಾಡದೆ ಬಿಟ್ಟ ಸಾಲು

ಓಲ್ಡ್‌ರಾಯ್ಡ್ ಮನೆಯಲ್ಲಿ ಶುರುಮಾಡಿದ ಪದ್ಯವನ್ನು ಅರ್ಧಕ್ಕೆ ಬಿಡುವ ಹಾಗಿರಲಿಲ್ಲ. ಹ್ಯಾಲಿಫ್ಯಾಕ್ಸಿನ ಆ ಬೀದಿಯಲ್ಲಿ ಉಳಿದ ಮನೆಗಳವರು ಸಂಜೆಯ ಚಹಾ ಮುಗಿಸಿ ರೇಡಿಯೋ ತಿರುಗಿಸುತ್ತಿದ್ದರೆ, ಈ ಮನೆಯಲ್ಲಿ ಅಪ್ಪ ಏಮಸ್ ತಟ್ಟೆ ಸರಿಸಿ ಕೀರ್ತನೆಯ ಮೊದಲ ಸಾಲು ಹೇಳುತ್ತಿದ್ದ. ವಾರವೆಲ್ಲ ಜಮಖಾನೆ ಗಿರಣಿಯಲ್ಲಿ ಮಗ್ಗದ ಮುಂದೆ ನಿಲ್ಲುವವನು, ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಬೋಧನೆಗೆ ನಿಲ್ಲುವವನು. ಅವನು ಒಂದು ಸಾಲು ಹೇಳಿದರೆ ಹಿರಿಮಗಳು ಥೆಲ್ಮಾ ಮುಂದಿನದನ್ನು ಹೇಳಬೇಕು. ಕೊನೆಯ ಸಾಲು ಯಾವತ್ತೂ ಕಿರಿಯವಳಾದ ಹೇಜಲ್‌ಳದು. ಆ ಹುಡುಗಿಗೆ ತಾಳ್ಮೆಯಿಲ್ಲ. ತನ್ನ ಸರದಿಗಿಂತ ಅರ್ಧ ಮಾತ್ರೆ ಮುಂಚೆಯೇ ಸಣ್ಣಗೆ ಉಸಿರೆಳೆದುಕೊಂಡು ಕಾಯುತ್ತಿದ್ದಳು. ಆ ಉಸಿರು ಕೇಳಿದರೆ ಪದ್ಯ ಮುಗಿಯುತ್ತ ಬಂತೆಂದು ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು.

"ಮುಗಿಸದೆ ಎದ್ರೆ ಪದ್ಯ ಬಾಯಲ್ಲೇ ಕೂತುಬಿಡುತ್ತೆ," ಎನ್ನುತ್ತಿದ್ದ ಏಮಸ್. "ಆಮೇಲೆ ಅದು ನಿಮ್ಮನ್ನ ಬಿಡೋದಿಲ್ಲ, ನೀವು ಅದನ್ನ ಬಿಡೋ ಹಾಗಿಲ್ಲ."

ಅದೇ ಹೇಜಲ್‌ಳ ಉಸಿರು ಸಾವಿರದೊಂಬೈನೂರ ಅರವತ್ತೆರಡರ ವಸಂತದಲ್ಲಿ ಇಡೀ ಇಂಗ್ಲೆಂಡಿಗೆ ಪರಿಚಯವಾಯಿತು. ಅಕ್ಕತಂಗಿಯರು ಹಾಡಿದ 'ಬಾಗಿಲಿಗೆ ಅಗಳಿ ಹಾಕಿಲ್ಲ' ಎಂಬ ಹಾಡು ನಾಲ್ಕು ವಾರ ನಂಬರ್ ಒನ್ ಸ್ಥಾನದಲ್ಲಿ ಕೂತಿತ್ತು. ಮೀನು ಕರಿಯುವ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ಸಿಗೆ ಕಾಯುವ ಹುಡುಗಿಯರ ಬಾಯಲ್ಲಿ ಅದೇ. ಹುಡುಗಿಯೊಬ್ಬಳು ಹೋದವನಿಗಾಗಿ ಬಾಗಿಲಿಗೆ ಅಗಳಿ ಹಾಕದೆ ಕಾಯುವ ಹಾಡು. ಕೊನೆಯಲ್ಲಿ ಹೇಜಲ್ 'ಬರ್ತೀಯಾ... ಬರ್ತೀಯಾ...' ಎನ್ನುತ್ತಿರುವಾಗಲೇ ದನಿ ಸಣ್ಣಗಾಗುತ್ತ, ಸಣ್ಣಗಾಗುತ್ತ ಇಲ್ಲವಾಗಿಬಿಡುತ್ತಿತ್ತು.

ಬರೆದವನು ಹಾಗೆ ಬರೆದಿರಲಿಲ್ಲ. ಅವನ ಕಾಗದದಲ್ಲಿ ಇನ್ನೊಂದು ಸಾಲಿತ್ತು. 'ಬಂದೆ, ಇನ್ನು ಅಗಳಿ ಹಾಕು.' ಅದು ಹೇಜಲ್ ಹಾಡಬೇಕಾದ ಸಾಲು. ರೆಕಾರ್ಡು ಮಾಡಿಸುತ್ತಿದ್ದ ಲಯನೆಲ್ ಫ್ರೇನ್ ಅದನ್ನು ಹಾಡಿಸಲೇ ಇಲ್ಲ. ಗಾಜಿನ ಆಚೆಯಿಂದ ಕೈ ತಿರುಗಿಸುತ್ತ ಹಾಡುತ್ತಲೇ ಇರಿ ಎಂದು ಸನ್ನೆ ಮಾಡಿದ. ಸದ್ದಿನ ಗುಂಡಿಯನ್ನು ಮೆಲ್ಲಗೆ ಇಳಿಸಿ ದನಿಯನ್ನು ಕರಗಿಸಿದ. ಸಾಕೆನಿಸಿದಾಗ ಸಾಕು ಎಂದ.

"ಮತ್ತೆ ಕೊನೇ ಸಾಲು?" ಎಂದು ಹೇಜಲ್ ಕೇಳಿದ್ದಳು.

"ಯಾರಿಗೆ ಬೇಕು ಪುಟ್ಟಾ ಅದು? ಮುಗಿದುಹೋದ ಹಾಡನ್ನ ಜನ ಮರೀತಾರೆ. ಮುಗೀದೇ ಇದ್ರೆ ಇನ್ನೊಂದ್ಸಲ ಹಾಕ್ತಾರೆ."

ಅವನ ಮಾತು ನಿಜವೇ ಆಯಿತು. ಆದರೆ ಆವತ್ತು ರೈಲಿನಲ್ಲಿ ಊರಿಗೆ ಮರಳುವಾಗ ಹೇಜಲ್ ಕಿಟಕಿಗೆ ತಲೆಯಾನಿಸಿ, "ಆ ಸಾಲು ಇಲ್ಲೇ ನಿಂತ್ಬಿಟ್ಟಿದೆ ಕಣೇ," ಎಂದು ಗಂಟಲು ಮುಟ್ಟಿ ತೋರಿಸಿದ್ದಳು. ಥೆಲ್ಮಾ ನಕ್ಕಿದ್ದಳು.

ಆಗಸ್ಟಿನಲ್ಲಿ, ಕಡಲತೀರದ ಊರೊಂದರಲ್ಲಿ ದಿನಕ್ಕೆರಡು ಆಟ ಹಾಡುತ್ತಿದ್ದಾಗ, ಹೇಜಲ್‌ಗೆ ಜ್ವರ ಬಂತು. ಮೂರೇ ದಿನ. ಬಾಡಿಗೆ ಕೋಣೆಯ ಹಾಸಿಗೆಯಲ್ಲಿ ಅವಳು ಕಣ್ಣು ಮುಚ್ಚಿಕೊಂಡು 'ಬರ್ತೀಯಾ, ಬರ್ತೀಯಾ' ಎಂದು ಗುನುಗುತ್ತಲೇ ಇದ್ದಳು. ಆ ದನಿಯೂ ಹಾಗೇ, ಯಾರೋ ಗುಂಡಿ ಇಳಿಸಿದ ಹಾಗೆ, ಸಣ್ಣಗಾಗುತ್ತ ಹೋಯಿತು. ಯಾವ ಗಳಿಗೆಯಲ್ಲಿ ನಿಂತಿತೆಂದು ಪಕ್ಕದಲ್ಲೇ ಕೂತಿದ್ದ ಥೆಲ್ಮಾಳಿಗೆ ಹೇಳಲಾಗಲಿಲ್ಲ.

ಮರುವರ್ಷ ಫೆಬ್ರವರಿಯ ಒಂದು ಗುರುವಾರ ಥೆಲ್ಮಾ ಒಬ್ಬಳೇ, ಆ ಹಾಡು ಹಾಡಿದ್ದ ಲಂಡನ್ನಿನ ಸ್ಟುಡಿಯೋಗೆ ಬಂದಳು. ಡಿಸೆಂಬರಿನಿಂದ ಬಿದ್ದ ಹಿಮ ಬೀದಿಯ ಅಂಚಿನಲ್ಲಿ ಕಲ್ಲಾಗಿ ಕರ‍್ರಗೆ ಕೂತಿತ್ತು. ಎರಡನೆಯ ರೆಕಾರ್ಡು ಆಗಬೇಕು, ಈ ಸಲ ಎರಡೂ ದನಿ ಥೆಲ್ಮಾಳದೇ. ಮೊದಲು ಒಂದು ಹಾಡಿ, ಅದನ್ನು ಕೇಳುತ್ತ ಅದರ ಮೇಲೆ ಇನ್ನೊಂದು. ಹಾಡಿನ ಹೆಸರು 'ಕಿಸೆಯೊಳಗಿನ ಉಂಗುರ'. ಮಧ್ಯಾಹ್ನ ಎರಡೂವರೆಗೆ ಶುರು, ಐದೂವರೆಗೆ ಮುಕ್ತಾಯ. ವಾದ್ಯದವರ ಸಂಘದ ಕಟ್ಟಳೆ. ಗಡಿಯಾರ ಐದೂವರೆ ತೋರಿಸಿದರೆ ಪಿಟೀಲಿನವರು ರಾಗದ ನಡುವೆಯೇ ಕಮಾನು ಕೆಳಗಿಡುವವರು.

ಮೊದಲ ಸಲ ಹಾಡಿ ಮುಗಿಸಿ, ಕೇಳೋಣವೆಂದು ಅವಳು ಗಾಜಿನಾಚೆಯ ಕೋಣೆಗೆ ಹೋದಳು. ಟೇಪು ತಿರುಗಿತು. ಮೊದಲ ಚರಣ ಸರಿಯಾಗಿತ್ತು. ಅವಳು ಉಸಿರಿಗಾಗಿ ನಿಲ್ಲಿಸಿದ ಜಾಗದಲ್ಲಿ, ಬಹಳ ದೂರದಿಂದ, ಬೇರೆ ಲಯದಲ್ಲಿ, ಬೇರೆ ಶ್ರುತಿಯಲ್ಲಿ ಒಂದು ದನಿ ಕೇಳಿತು.

'ಬರ್ತೀಯಾ... ಬರ್ತೀಯಾ...'

ಮೇಜಿನ ಮುಂದೆ ಕೂತಿದ್ದ ಸಿರಿಲ್ ಬ್ಯಾಗ್‌ಶಾ ಟೇಪು ನಿಲ್ಲಿಸಿದ. ಇಪ್ಪತ್ತು ವರ್ಷದಿಂದ ಅಲ್ಲಿ ದನಿ ಹಿಡಿಯುವ ಕೆಲಸ ಮಾಡುತ್ತಿದ್ದ ಮನುಷ್ಯ. ಮಾತು ಕಡಿಮೆ. "ಹಳೇ ಟೇಪು ಇರ್ಬೇಕು. ಸರಿಯಾಗಿ ಅಳಿಸಿಲ್ಲ," ಎಂದ. ಎಲ್ಲರೆದುರು ಹೊಸ ಟೇಪಿನ ಡಬ್ಬಿ ಒಡೆದ. ಥೆಲ್ಮಾ ಮತ್ತೆ ಹಾಡಿದಳು. ಮತ್ತೆ ಕೇಳಿದರು. ದನಿ ಈಗ ಇನ್ನಷ್ಟು ಹತ್ತಿರವಿತ್ತು. ಪ್ರತಿ 'ಬರ್ತೀಯಾ'ದ ಮುಂದೆ ಅರ್ಧ ಮಾತ್ರೆ ಮುಂಚಿನ ಆ ಸಣ್ಣ ಉಸಿರು.

ಸಿರಿಲ್ ಒಂದೊಂದೇ ಗುಂಡಿ ಇಳಿಸುತ್ತ ಹೋದ. ಪಿಟೀಲು ಹೋಯಿತು, ಡ್ರಮ್ಮು ಹೋಯಿತು, ಥೆಲ್ಮಾಳ ದನಿಯೂ ಹೋಯಿತು. 'ಬರ್ತೀಯಾ' ಉಳಿಯಿತು. ಕಟ್ಟಕಡೆಗೆ, ಬಲತುದಿಯಲ್ಲಿದ್ದ ಗುಂಡಿಯ ಮೇಲೆ ಬೆರಳಿಟ್ಟು ಇಳಿಸಿದಾಗ ಎಲ್ಲ ಸ್ತಬ್ಧವಾಯಿತು.

"ಕೆಳಗಿನ ಕೋಣೆಯಿಂದ ಬರ್ತಿದೆ," ಎಂದ.

ಕೆಳಗಿನದು ಮಾರ್ದನಿ ಕೋಣೆ. ಒಂದು ಕಾಲದಲ್ಲಿ ಹಾಲಿನ ಡೈರಿಯ ನೆಲಮಾಳಿಗೆಯಾಗಿದ್ದದ್ದು. ಗೋಡೆ, ನೆಲ, ಸೂರು ಎಲ್ಲಕ್ಕೂ ಹೊಳಪಿನ ಬಿಳಿ ಹೆಂಚಿನ ಬಿಲ್ಲೆ. ಅದರ ಒಂದು ಮೂಲೆಯಲ್ಲಿ ಸ್ಪೀಕರು, ಎದುರು ಮೂಲೆಯಲ್ಲಿ ಮೈಕು. ಮೇಲೆ ಹಾಡಿದ ದನಿಯನ್ನು ಸ್ಪೀಕರಿನಿಂದ ಆ ಬರಿಗೋಡೆಗಳಿಗೆ ಬಡಿಸಿ, ಮೈಕಿನಿಂದ ಹಿಡಿದು, ಹಾಡಿಗೆ ಚಿಟಿಕೆಯಷ್ಟು ಬೆರೆಸುತ್ತಿದ್ದರು. ನಂಬರ್ ಒನ್ ಹಾಡುಗಳೆಲ್ಲ ದೊಡ್ಡ ದೇವಾಲಯದಲ್ಲಿ ಹಾಡಿದಂತೆ ಕೇಳುತ್ತಿದ್ದದ್ದು ಆ ಒಂದು ಚಿಟಿಕೆಯಿಂದ. 'ಬಾಗಿಲಿಗೆ ಅಗಳಿ ಹಾಕಿಲ್ಲ' ಕೂಡ ಆ ಕೋಣೆಯನ್ನು ಹಾದೇ ಹೋಗಿತ್ತು.

"ಕೆಳಗೆ ಯಾರಿದ್ದಾರೆ?" ಎಂದ ಫ್ರೇನ್, ಹಿಂದಿನ ಕುರ್ಚಿಯಿಂದ. ಈ ರೆಕಾರ್ಡನ್ನೂ ಮಾಡಿಸುತ್ತಿದ್ದವನು ಅವನೇ.

"ಬೀಗ ಹಾಕಿದೆ. ಕೀಲಿ ನನ್ನ ಜೇಬಲ್ಲಿದೆ."

 ಫ್ರೇನ್ ಮುಂದಕ್ಕೆ ಬಾಗಿದ. ಅವನ ದನಿ ತಗ್ಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. "ಹಾಗೇ ಇರ್ಲಿ. ಇನ್ನೂ ಸ್ವಲ್ಪ ಜಾಸ್ತಿ ಮಾಡಿ."

"ಏನಂದ್ರಿ?"

"ಅದು ಏನು ಅನ್ನೋದು ನಂಗೆ ಬೇಡ ಸಿರಿಲ್. ಗೋಡೆನೋ, ತಂತಿನೋ, ಏನಾದ್ರೂ ಆಗಿರ್ಲಿ. ತಂಗಿ ಸತ್ತ ಹುಡುಗಿ ಹಾಡ್ತಾಳೆ, ಹಿಂದೆ ತಂಗಿ ದನಿ ಕೇಳುತ್ತೆ. ಒಂದೇ ವಾರ, ನಂಬರ್ ಒನ್. ಊರೆಲ್ಲ ಅಳುತ್ತೆ."

"ನಿಮ್ಮನೇಲಿ ಸಾವಾದ್ರೆ ಹೆಣದ ಮುಂದೆ ಟಿಕೆಟ್ ಹರೀತಿದ್ರೇನೋ," ಎಂದ ಸಿರಿಲ್, ತಲೆಯೆತ್ತದೆ.

"ಹರೀತಿದ್ದೆ. ಅದಕ್ಕೇ ನಾನು ಈ ಕುರ್ಚೀಲಿದೀನಿ, ನೀವು ಆ ಕುರ್ಚೀಲಿದೀರಿ. ಥೆಲ್ಮಾ, ಪುಟ್ಟಾ, ನೀನೇ ಹೇಳು. ನಿನ್ನ ತಂಗಿ ಉಳೀತಾಳಲ್ಲ. ಮನೆಮನೇಲೂ ಇರ್ತಾಳೆ. ನಿಂಗದು ಬೇಡ್ವಾ?"

ಬೇಕು ಎಂದುಬಿಡುವಷ್ಟು ಆಸೆ ಥೆಲ್ಮಾಳ ನಾಲಿಗೆಯ ತುದಿಗೆ ಬಂದಿತ್ತು. ಆರು ತಿಂಗಳಿಂದ ಆ ದನಿಗಾಗಿ ಅವಳು ಹಾತೊರೆದಿದ್ದಳು. ಆದರೆ ಈಗ ಕಿವಿಗೊಟ್ಟು ಕೇಳಿದಾಗ ಅದರಲ್ಲಿ ಹಾಡಿನ ಸುಖ ಇರಲಿಲ್ಲ. ಕತ್ತಲಲ್ಲಿ ಕೈಯಾಡಿಸುತ್ತ ಬಾಗಿಲು ಹುಡುಕುವವರ ದನಿ ಅದು. ಒಂದು ವರ್ಷದಿಂದ ಆ ಬಿಳಿ ಕೋಣೆಯಲ್ಲಿ ಹೇಜಲ್ ತನ್ನ ಸರದಿಗಾಗಿ ಉಸಿರೆಳೆಯುತ್ತಿದ್ದಾಳೆ, ಸರದಿ ಕೊಡುವವರಿಲ್ಲ. ಈ ರೆಕಾರ್ಡು ಹೀಗೇ ಹೊರಗೆ ಹೋದರೆ ಅವಳು ಇನ್ನೆಂದಿಗೂ ಆ ಕೋಣೆ ದಾಟುವುದಿಲ್ಲ. ಜನ ಸೂಜಿ ಇಟ್ಟಾಗಲೆಲ್ಲ ಬರ್ತೀಯಾ ಎನ್ನುತ್ತಾಳೆ, ಸೂಜಿ ಎತ್ತಿದಾಗಲೂ ಎನ್ನುತ್ತಿರುತ್ತಾಳೆ.

"ಕೀಲಿ ಕೊಡಿ ಮಿಸ್ಟರ್ ಬ್ಯಾಗ್‌ಶಾ," ಎಂದಳು.

ಫ್ರೇನ್ ಗಡಿಯಾರ ನೋಡಿದ. ಐದು ಹತ್ತು. "ಇಪ್ಪತ್ತು ನಿಮಿಷ ಉಳಿದಿದೆ ಕಣಮ್ಮ. ಇನ್ನೊಂದು ದನಿ ಹಾಡೋದಿದೆ."

"ಆ ಕೋಣೆಗೆ ಏನಾದ್ರೂ ಮಾಡಿದ್ರೆ ಈ ಹಾಡಿಗೆ ಉಳಿಗಾಲ ಇಲ್ಲ," ಎಂದ ಸಿರಿಲ್ ಅವಳಿಗೆ. ಹೆದರಿಸುವುದಕ್ಕಲ್ಲ, ತಿಳಿದಿರಲಿ ಎಂದು. "ಇವರು ನಿನ್ನನ್ನ ಮತ್ತೆ ಕರೆಯೋದಿಲ್ಲ."

"ಗೊತ್ತು."

ಅವನು ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ.

ಮೆಟ್ಟಿಲು ಇಳಿಯುತ್ತಿದ್ದಂತೆ ಚಳಿ ಕಾಲಿನಿಂದ ಏರಿತು. ಬಾಗಿಲು ತೆರೆದು ಒಳಗೆ ಕಾಲಿಟ್ಟಾಗ ಅವಳ ಹೆಜ್ಜೆಯ ಸದ್ದೇ ನಾಲ್ಕು ಕಡೆಯಿಂದ ಅವಳತ್ತ ನಡೆದು ಬಂತು. ಸ್ಪೀಕರು, ಮೈಕು, ತಲೆಯ ಮೇಲೊಂದು ಬೆತ್ತಲೆ ದೀಪ. ಬೇರೇನಿಲ್ಲ. ಸ್ಪೀಕರಿಗೆ ಕೈಯಿಟ್ಟು ನೋಡಿದಳು; ಅದು ಕಂಪಿಸುತ್ತಿರಲಿಲ್ಲ. ಆದರೂ ಹೆಂಚುಗಳ ನಡುವೆ ಆ ದನಿ ಓಡಾಡುತ್ತಿತ್ತು, ಒಮ್ಮೆ ಕಿವಿಯ ಹಿಂದೆ, ಒಮ್ಮೆ ಮೊಣಕಾಲಿನ ಬಳಿ.

ಥೆಲ್ಮಾ ಬಾಗಿಲು ಮುಚ್ಚಲಿಲ್ಲ. ತೆರೆದೇ ಬಿಟ್ಟಳು. ಕೈ ಕಟ್ಟಿಕೊಂಡು, ಮನೆಯ ಮೇಜಿನ ಮುಂದೆ ಕೂತಾಗ ಹಾಡುತ್ತಿದ್ದ ಹಾಗೆ, ಅಬ್ಬರವಿಲ್ಲದೆ, ತನ್ನ ಸಾಲು ಹಾಡಿದಳು.

"ಬಾಗಿಲಿಗೆ ಅಗಳಿ ಹಾಕಿಲ್ಲ."

ದನಿ ನಿಂತಿತು. ತನ್ನ ಸಾಲಿನ ಮಾರ್ದನಿ ಗೋಡೆಯಿಂದ ಗೋಡೆಗೆ ಹೋಗಿ ಸಾಯುವವರೆಗೂ ಥೆಲ್ಮಾ ಕಾದಳು. ಅಪ್ಪ ಕಲಿಸಿದ್ದೇ ಹಾಗೆ. ಎದುರಿನವರ ಸಾಲನ್ನು ಕಿತ್ತುಕೊಳ್ಳಬಾರದು, ಜಾಗ ಬಿಟ್ಟು ಕೂರಬೇಕು. ಒಂದು ಸಾಲಿನಷ್ಟು ಹೊತ್ತು ಕಳೆಯಿತು. ಇನ್ನೊಂದು ಸಾಲಿನಷ್ಟು.

ಅವಳ ಎಡಗೆನ್ನೆಯ ಪಕ್ಕದಲ್ಲೇ ಯಾರೋ ಸಣ್ಣಗೆ ಉಸಿರೆಳೆದುಕೊಂಡರು.

ಆ ಸಾಲನ್ನು ಅವಳು ಪೂರ್ತಿ ಕೇಳಿದಳು. ಮುಗಿಯುವ ಸ್ವರದ ಮೇಲೆ ನಿಂತು ಮುಗಿಯಿತು. ಆಮೇಲೆ ತೆರೆದ ಬಾಗಿಲಿನ ಕಡೆ ಗಾಳಿ ಹೋಯಿತು, ಒಳಗಿನಿಂದ ಹೊರಗೆ. ಅವಳ ಲಂಗದ ಅಂಚು ಅಲುಗಾಡಿತು.

ಎಷ್ಟೋ ಹೊತ್ತಿನ ಮೇಲೆ ಅವಳು "ಹೇಜಲ್" ಎಂದು ಕರೆದಾಗ ಕೋಣೆ ಏನನ್ನೂ ತಿರುಗಿ ಹೇಳಲಿಲ್ಲ. ಕಂಬಳಿಯೊಳಗೆ ಬಾಯಿಟ್ಟು ಮಾತಾಡಿದಂತೆ ಹೆಸರು ತುಟಿಯ ಹತ್ತಿರವೇ ಬಿದ್ದುಹೋಯಿತು. ಬಿಳಿ ಹೆಂಚುಗಳು ಇದ್ದಲ್ಲೇ ಇದ್ದವು.

ಮೇಲೆ ಬಂದಾಗ ಪಿಟೀಲಿನವರು ಪೆಟ್ಟಿಗೆ ಮುಚ್ಚುತ್ತಿದ್ದರು. ಫ್ರೇನ್ ಕೋಟು ಹಾಕಿಕೊಳ್ಳುತ್ತಿದ್ದ, ಅವಳತ್ತ ನೋಡಲಿಲ್ಲ. "ಕೆಳಗೆ ಮೈಕು ತೆರೆದೇ ಇಟ್ಟಿದ್ದೆ," ಎಂದು ಸಿರಿಲ್ ಮೆಲ್ಲಗೆ ಹೇಳಿದ. "ನಿನ್ನ ಸಾಲು ಕೇಳಿಸ್ತು. ಆಮೇಲೆ ದನಿ ಅಳೆಯೋ ಮೀಟರಿನ ಮುಳ್ಳು ಎದ್ದು ಬಿತ್ತು, ಒಂದು ಸಾಲಿನಷ್ಟು ಹೊತ್ತು. ಕಿವಿಗೆ ಏನೂ ಬೀಳಲಿಲ್ಲಮ್ಮ."

"ನಿಮಗಲ್ಲ ಹೇಳಿದ್ದು," ಎಂದಳು ಥೆಲ್ಮಾ.

ಶನಿವಾರ ಅವಳು ಊರಿಗೆ ಹೋದಳು. ಬೀದಿಯಲ್ಲಿ ಮಕ್ಕಳು ಹಿಮದ ಗುಪ್ಪೆಯ ಮೇಲೆ ತಟ್ಟೆಯಲ್ಲಿ ಕೂತು ಜಾರಿ ಆಡುತ್ತಿದ್ದರು. ಆ ಬೀದಿಯಲ್ಲಿ ಹಗಲು ಹೊತ್ತು ಯಾರೂ ಬಾಗಿಲಿಗೆ ಅಗಳಿ ಹಾಕುವವರಲ್ಲ. ತಳ್ಳಿಕೊಂಡು ಒಳಗೆ ಹೋಗುವುದು, ಹೋದಮೇಲೆ ಕೂಗುವುದು. ಅವಳೂ ಹಾಗೇ ತಳ್ಳಿದಳು. ಬಾಗಿಲು ಅಲುಗಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ತನ್ನ ಮನೆಯ ಬಾಗಿಲನ್ನು ಅವಳು ತಟ್ಟಿದಳು.

ಏಮಸ್ ಅಗಳಿ ಸರಿಸಿ, ಅವಳನ್ನು ಒಳಗೆ ಬಿಟ್ಟುಕೊಂಡು, ಮತ್ತೆ ಅಗಳಿ ಹಾಕಿದ. ಮುದುಕನ ಮುಖ ಈಚಿನ ತಿಂಗಳುಗಳಲ್ಲಿ ಇಲ್ಲದಷ್ಟು ಹಗುರವಾಗಿತ್ತು.

"ಇದೇನಪ್ಪ, ಹಗಲಲ್ಲೇ? ಕಳ್ಳರು ಬಂದಿದ್ರಾ?"

"ಕಳ್ಳರಿಗೆ ನಮ್ಮನೇಲಿ ಏನಿದೆ, ಕೀರ್ತನೆ ಪುಸ್ತಕ ಹೊತ್ಕೊಂಡು ಹೋಗ್ತಾರಾ?" ಅವನು ಒಲೆಯ ಮೇಲೆ ಚಹಾದ ನೀರಿಟ್ಟ. "ಗುರುವಾರ ಸಂಜೆ ನಿನ್ನ ತಂಗಿ ಹೇಳಿದ್ಲಲ್ಲ. ಐದೂಕಾಲು ಇರ್ಬೇಕು. ಬಾಗಿಲು ತಾನಾಗೇ ತೆಗೀತು, ಗಾಳಿ ಬಂತು. 'ಬಂದೆ, ಇನ್ನು ಅಗಳಿ ಹಾಕು' ಅಂದ್ಲು. ಹಾಕ್ದೆ."

ಆ ಹಾಡನ್ನು ಏಮಸ್ ಒಂದು ಸಲವೂ ಕೇಳಿದವನಲ್ಲ. ಪಕ್ಕದ ಮನೆಯ ರೇಡಿಯೋದಲ್ಲಿ ಬಂದರೆ ಹಿತ್ತಲಿಗೆ ಎದ್ದುಹೋಗುತ್ತಿದ್ದ. ಕೇಳಿದ್ದರೂ ಆ ಸಾಲು ಯಾವ ರೆಕಾರ್ಡಿನಲ್ಲೂ ಇರಲಿಲ್ಲ.

ಥೆಲ್ಮಾ ಬಟ್ಟಲುಗಳನ್ನು ತಂದಿಟ್ಟಳು. ಚಹಾ ಕುಡಿದರು, ಬೆಣ್ಣೆ ಸವರಿದ ಬ್ರೆಡ್ಡು ತಿಂದರು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಏಮಸ್ ತಟ್ಟೆ ಸರಿಸಿ, ಆಗಸ್ಟಿನಿಂದ ಬಿಟ್ಟಿದ್ದ ರೂಢಿಯನ್ನು ನಿನ್ನೆಯಷ್ಟೇ ಬಿಟ್ಟವನಂತೆ, ಕೀರ್ತನೆಯ ಮೊದಲ ಸಾಲು ಹೇಳಿದ. ತನ್ನ ಸಾಲನ್ನು ಥೆಲ್ಮಾ ಹೇಳಿದಳು.

ಆಮೇಲೆ ಇಬ್ಬರೂ ಜಾಗ ಬಿಟ್ಟು ಕೂತರು. ಮೇಜಿನ ಮೂರನೆಯ ಮಗ್ಗುಲಲ್ಲಿ, ಅರ್ಧ ಮಾತ್ರೆ ಮುಂಚೆ, ಸಣ್ಣಗೆ ಉಸಿರೆಳೆದ ಸದ್ದಾಯಿತು. ಥೆಲ್ಮಾ ತಲೆಯೆತ್ತಿ ನೋಡಲಿಲ್ಲ.