ಬಾಗಿಲ ಮೇಲಿನ ಕೊಂಬು

ಮೆಸ್ಸೀನಾ ಪಟ್ಟಣದ ಮೇಲಿರುವ ನಮ್ಮ ಊರಿನಲ್ಲಿ ನಾನು ಕಟ್ಟಿದ ಗೋಡೆಗಳು ಇಂದಿಗೂ ನಿಂತಿವೆ. ಅವುಗಳಲ್ಲಿ ಒಂದೂ ನೆಲ ನಡುಗಿದಾಗ ಬಾಯಿಬಿಟ್ಟಿಲ್ಲ. ಆದರೂ ಬಾಳಿನಲ್ಲಿ ಏನು ಸಾಧಿಸಿದೆ ಎಂದು ಯಾರಾದರೂ ಕೇಳಿದರೆ ನಾನು ಗೋಡೆಗಳ ಮಾತೆತ್ತುವುದಿಲ್ಲ. ಮದುವೆಯಾದ ಮೊದಲ ವಸಂತದಲ್ಲಿ ದಿನ್ನಮ್ಮಾರೆ ಬೆಟ್ಟದ ನೆತ್ತಿಯಿಂದ, ಇಡೀ ಊರು ನೋಡುತ್ತಿರುವಾಗ, ಬರಿಗೈಯಲ್ಲಿ ಇಳಿದು ಬಂದೆ ಎನ್ನುತ್ತೇನೆ. ಹೊರಗಿನವರು ನಗುತ್ತಾರೆ. ನಮ್ಮೂರಿನ ಮುದುಕರು ನಗುವುದಿಲ್ಲ.

ಆಫ್ರಿಕದಿಂದ ಕಡಲು ದಾಟಿ ಬರುವ ಜೇನುಗಿಡುಗಗಳು ವಸಂತದಲ್ಲಿ ನಮ್ಮ ಬೆಟ್ಟದ ಏಣನ್ನು ಹಾಯ್ದು, ಜಲಸಂಧಿಯ ಮೇಲಿಂದ ಬಡಗಣ ನಾಡುಗಳಿಗೆ ಹೋಗುತ್ತವೆ. ಅವುಗಳಲ್ಲಿ ಒಂದನ್ನಾದರೂ ಹೊಡೆದು ಕೆಡಹದ ಗಂಡಸಿನ ಹೆಂಡತಿ ಆ ವರ್ಷ ಪರಪುರುಷನ ಪಾಲಾಗುತ್ತಾಳೆಂಬುದು ನಮ್ಮ ಹಿರಿಯರ ನಂಬಿಕೆ. ಹೆಂಡತಿ ಕೈತಪ್ಪಿದವನ ತಲೆಗೆ ಕೊಂಬು ಮೂಡುತ್ತದೆಂಬುದು ನಮ್ಮ ಕಡೆಯ ಗೇಲಿ. ಹಾಗಾಗಿ ಬರಿಗೈಯಲ್ಲಿ ಬಂದವನ ಬಾಗಿಲಿಗೆ ಟಗರಿನ ಕೊಂಬು ಕಟ್ಟುತ್ತಿದ್ದರು. ಕೊಂಬು ಕಟ್ಟಿಸಿಕೊಂಡ ಮನೆಯ ಹೆಣ್ಣು ಬಾವಿಕಟ್ಟೆಗೆ ಹೋದರೆ ಉಳಿದವರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಹೊಸದಾಗಿ ಮದುವೆಯಾದವನ ಮೇಲಂತೂ ಎಲ್ಲರ ಕಣ್ಣು. ಆ ವರ್ಷ ಹೊಸ ಮದುಮಗ ನಾನೇ, ಹೆಂಡತಿ ಫೋರ್ತುನಾತಾ.

ನನ್ನ ಜೊತೆಗೆ ಬೆಟ್ಟ ಹತ್ತಿದವನು ಅವಳ ಅಣ್ಣ ಪ್ಲಾಚಿದೊ. ಬೇಟೆಗಾರರು ಅಡಗಿ ಕೂರುವ ಮರೆಗೋಡೆಗಳನ್ನು ಏಣಿನುದ್ದಕ್ಕೂ ಕಟ್ಟಿದ್ದು ನಾನು. ಅವುಗಳೊಳಗೆ ಕೋವಿ ಹಿಡಿದು ಕುಳಿತದ್ದು ಮಾತ್ರ ಅದೇ ಮೊದಲು.

"ಲಿಲ್ಲೊ, ಕೈ ನಡುಗ್ತಾ ಇದೆಯಲ್ಲೋ. ಮದುವೆ ದಿನಾನೂ ಹಿಂಗೇ ನಡುಗಿದ್ದೆ" ಎಂದ ಪ್ಲಾಚಿದೊ.

"ಆವತ್ತು ನಿನ್ನ ಮುಖ ನೋಡಿ ನಡುಗಿದ್ದು, ಭಾವ."

"ನಗು, ನಗು. ಸಂಜೆ ಬಾಗಿಲ ಮೇಲೆ ಕೊಂಬು ಬಂದ್ರೆ ನಗೋಕೆ ಊರೆಲ್ಲ ಇರುತ್ತೆ. ನನ್ನ ತಂಗಿ ತಲೆ ಎತ್ತೋ ಹಾಗಿರಬೇಕು, ಅಷ್ಟೆ."

ಬಡಗಣ ಗಾಳಿ ಬಿರುಸಾಗಿತ್ತು. ಅಂಥ ಗಾಳಿಯಲ್ಲಿ ಹಕ್ಕಿಗಳು ಎತ್ತರಕ್ಕೇರಲಾರದೆ ಇಳಿಜಾರನ್ನು ತಬ್ಬಿಕೊಂಡು ಬರುತ್ತವೆ. ನಾನು ತಲೆ ಎತ್ತಿ ಆಕಾಶವನ್ನೇ ನೋಡುತ್ತಿದ್ದೆ. ಹುಟ್ಟಿದಂದಿನಿಂದ ಊರಿನಲ್ಲಿ ನಿಂತು ನೋಡಿದ್ದು ಅವುಗಳ ಹೊಟ್ಟೆಯನ್ನು ಮಾತ್ರ. ದೂರದಲ್ಲಿ ಸುತ್ತುವ ಕಪ್ಪು ಗೀಟುಗಳನ್ನು ಮಾತ್ರ. ಆದರೆ ಅಂದು ಅವು ಬಂದದ್ದು ನನ್ನ ಕಾಲ ಕೆಳಗಿನಿಂದ.

ಕಣಿವೆಯ ಮಂಜು ಹರಿಯಿತು. ಕಂದು ಬೆನ್ನುಗಳು, ಒಂದರ ಹಿಂದೊಂದು, ಸದ್ದಿಲ್ಲದೆ ಮೇಲೇರತೊಡಗಿದವು. ಒಂದು ಹಕ್ಕಿ ಗೋಡೆಯ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಎದುರುಗಾಳಿಗೆ ರೆಕ್ಕೆಯೊಡ್ಡಿ ನಿಂತುಬಿಟ್ಟಿತು. ಹಾರುತ್ತಲೇ ಇತ್ತು, ಆದರೂ ಮುಂದೆ ಸರಿಯಲಿಲ್ಲ. ಬೂದು ಬಣ್ಣದ ಸಣ್ಣ ತಲೆಯನ್ನು ತಿರುಗಿಸಿ, ಹಳದಿ ಕಣ್ಣಿನಿಂದ ನನ್ನನ್ನು ನೋಡಿತು. ಆ ನೋಟದಲ್ಲಿ ಭಯವಿರಲಿಲ್ಲ. ದಾರಿಯಲ್ಲಿ ಎದುರಾದವನನ್ನು ದಾರಿಹೋಕ ನೋಡುವಂತೆ ನೋಡಿತು. ನನ್ನ ಬೆರಳು ಕೋವಿಯ ಕುದುರೆಯ ಮೇಲೆಯೇ ಮರಗಟ್ಟಿತು.

ಪಕ್ಕದಿಂದ ಗುಂಡು ಹಾರಿತು. ಹಕ್ಕಿ ಗಾಳಿಯಲ್ಲಿ ಮಡಿಚಿಕೊಂಡು, ಗೋಡೆ ದಾಟಿ, ನೇರವಾಗಿ ನನ್ನ ಎದೆಯ ಮೇಲೆ ಬಿತ್ತು. ಅಷ್ಟು ಅಗಲದ ರೆಕ್ಕೆಯ ಪ್ರಾಣಿಗೆ ತೂಕವೇ ಇರಲಿಲ್ಲ. ಎದೆಯೆಲುಬು ಅಂಗಿಯ ಮೇಲಿಂದ ಚುಚ್ಚುವಷ್ಟು ಬಡಕಲು. ಕಡಲು ಅದನ್ನು ಅಷ್ಟು ತಿಂದಿತ್ತು. ಬಿಸಿಯಾಗಿತ್ತು. ಅದರ ಉಗುರುಗಳು ನನ್ನ ಹೆಬ್ಬೆರಳನ್ನು ಬಲವಾಗಿ ಹಿಡಿದವು. ಆಮೇಲೆ ಮೆಲ್ಲಗೆ, ಮಗು ನಿದ್ದೆಹೋದಾಗ ಸಡಿಲುವಂತೆ, ಬಿಟ್ಟವು.

"ತಗೋ, ನಿನ್ನ ಮಡಿಲಿಗೇ ಬಿತ್ತು!" ಎಂದು ಭಾವ ಬೆನ್ನು ತಟ್ಟಿದ. "ನೀನೇ ಹೊಡೆದೆ. ನಾನು ನೋಡಿದೆ. ಆಯ್ತಾ?"

"ಇಲ್ಲ, ಭಾವ."

"ಏನ್ ಇಲ್ಲ? ತಲೆ ಕೆಟ್ಟಿದೆಯೇನೋ? ಬಾಲದ ಗರಿ ಟೋಪಿಗೆ ಸಿಕ್ಕಿಸ್ಕೊ, ನಡಿ."

"ಒಂದು ಸತ್ತ ಹಕ್ಕಿ ತೋರಿಸಿದ್ರೇನೇ ನಿನ್ನ ತಂಗಿ ಮಾನ ಉಳಿಯೋದು ಅಂತ ನಾನೇ ಒಪ್ಪಿದ್ರೆ, ಅವಳ ಮೇಲೆ ಅನುಮಾನ ಪಟ್ಟೋನು ನಾನೇ ಆದ ಹಾಗಲ್ವಾ?"

ಪ್ಲಾಚಿದೊ ನನ್ನ ಕೈಯಿಂದ ಹಕ್ಕಿಯನ್ನು ಕಿತ್ತುಕೊಂಡು, ನೆಲಕ್ಕೆ ಉಗಿದು, "ಅವಳು ತೌರಿಗೆ ಬಂದ್ರೆ ನಾನು ಬಾಗಿಲು ತೆಗೀತೀನಿ. ನೀನು ಬಂದ್ರೆ ನಾಯಿ ಬಿಡ್ತೀನಿ" ಎಂದು ಹೇಳಿ ಇಳಿದುಹೋದ.

ಇಳಿಯುವಾಗ ನನ್ನ ಮನಸ್ಸಿಗೆ ಕಾಣುತ್ತಿದ್ದದ್ದು ಬಾವಿಕಟ್ಟೆಯಲ್ಲಿ ಒಂಟಿಯಾಗಿ ನಿಂತ ಫೋರ್ತುನಾತಾ ಒಬ್ಬಳೇ. ಅವಳನ್ನು ಕೇಳದೆಯೇ ಅವಳ ಹೆಸರನ್ನು ಪಣಕ್ಕಿಟ್ಟಿದ್ದೆ. ಚೌಕದಲ್ಲಿ ಗಂಡಸರು ಕಾಯುತ್ತಿದ್ದರು. ನನ್ನ ಖಾಲಿ ಕೈ ಕಂಡೊಡನೆ ಒಬ್ಬ ಟಗರಿನಂತೆ ಕೂಗಿದ. ಕ್ಷೌರದ ಕೋಸಿಮೊ ಅಂಗಡಿಯೊಳಗಿಂದ ಕೊಂಬಿನ ಜೋಡಿ ಎತ್ತಿಕೊಂಡು ಹಿಂದೆ ಬಿದ್ದ. "ಲಿಲ್ಲೊ, ನಿಧಾನ! ತಲೆ ಬಾಗಿಸು, ಮರದ ಕೊಂಬೆಗೆ ಸಿಕ್ಕೀತು!" ನಾನು ನಡಿಗೆಯನ್ನು ಬಿರುಸು ಮಾಡಲಿಲ್ಲ, ತಲೆಯನ್ನೂ ಬಾಗಿಸಲಿಲ್ಲ.

ಓಣಿಯ ತಿರುವಿನಲ್ಲಿ ನಮ್ಮ ಮನೆ ಕಂಡಿತು. ಕಾಲು ಕೀಳಲಾಗದೆ ನಿಂತೆ. ಬಾಗಿಲ ಮೇಲೆ ಆಗಲೇ ಕೊಂಬಿತ್ತು.

ಕೋಸಿಮೊ ತಂದದ್ದಕ್ಕಿಂತ ದೊಡ್ಡದು. ಎರಡು ಸುತ್ತು ಸುತ್ತಿದ ಮುದಿ ಟಗರಿನ ಕೊಂಬು. ಅದಕ್ಕೆ ಬೆಳ್ಳುಳ್ಳಿಯ ಜಡೆ ನೇತುಹಾಕಿತ್ತು. ನನ್ನ ಹಿಂದಿನ ಗದ್ದಲವೆಲ್ಲ ಒಮ್ಮೆಗೇ ಅಡಗಿತು. ನನಗಿಂತ ಮೊದಲು ಯಾರು ಬಂದರು? ಅವಳು ಒಳಗಿದ್ದಾಳೋ, ಹೋದಳೋ?

ಫೋರ್ತುನಾತಾ ಸೌಟು ಹಿಡಿದು ಹೊಸ್ತಿಲಿಗೆ ಬಂದಳು. "ಏನ್ರೀ ಹಂಗೆ ನೋಡ್ತೀರಾ? ಗೋಡೆ ಕಟ್ಟೋರಲ್ವಾ, ನೆಟ್ಟಗಿದೆಯಾ ಹೇಳಿ."

"ಇದನ್ನ... ಯಾರು?"

"ನಾನೇ. ನೀವು ಬೆಟ್ಟಕ್ಕೆ ಹೊರಟ ಕೂಡಲೇ ಹೊಡೆದೆ ಮೊಳೆ."

"ನಾನು ಹಕ್ಕಿ ತಂದಿದ್ರೆ?"

"ತಂದಿದ್ರೂ ಅಲ್ಲೇ ಇರ್ತಿತ್ತು. ನನ್ನ ಮಾನ ಹಕ್ಕಿ ಕಾಲಿಗೆ ಕಟ್ಟಿ ಅಂತ ನಾನು ಯಾರಿಗೂ ಹೇಳಿರ್ಲಿಲ್ಲ." ಬಳಿಕ ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡಿ ದನಿಯೇರಿಸಿದಳು: "ಕೋಸಿಮಣ್ಣ, ಇಲ್ಲಿ ಜಾಗ ಇಲ್ಲ. ಅದನ್ನ ಮನೆಗೇ ಒಯ್ಯಿ. ಅತ್ತಿಗೆ ಬೆಳ್ಳುಳ್ಳಿ ಕಟ್ಟಿಕೊಳ್ಳಲಿ!"

ಕೋಸಿಮೊ ಎರಡೂ ಕೈಯಲ್ಲಿ ಕೊಂಬು ಹಿಡಿದು, ಬಾಯಿ ತೆರೆದು ನಿಂತಿದ್ದ. ಗುಂಪಿನ ಹಿಂದಿನಿಂದ ಯಾರೋ ಕಿಸಕ್ಕೆಂದರು. ಆ ನಗು ನನ್ನ ಮೇಲಿನದಾಗಿರಲಿಲ್ಲ. ಮುಂದಿನ ವಸಂತದಲ್ಲಿ ಇನ್ನೆರಡು ಮನೆಗಳ ಹೆಂಗಸರು ತಾವೇ ಕೊಂಬು ಕಟ್ಟಿದರು. ಬರಬರುತ್ತ, ನಾಚಿಸಲು ಮನೆಗಳೇ ಸಿಗದಾದಾಗ ಆ ಪದ್ಧತಿ ತಾನಾಗಿಯೇ ಸೊರಗಿತು.

ಈ ಕಥೆಯನ್ನು ಮೊನ್ನೆ ಅದೇ ಏಣಿನ ಮೇಲೆ, ಜನ ಕಲ್ಲು ಕಿತ್ತೊಯ್ದು ಅರ್ಧ ಉಳಿದ ಅದೇ ಮರೆಗೋಡೆಗೆ ಒರಗಿ ಕುಳಿತು, ಮೊಮ್ಮಗಳು ಮಿರೆಲ್ಲಾಳಿಗೆ ಹೇಳುತ್ತಿದ್ದೆ. ಫೋರ್ತುನಾತಾ ಪಕ್ಕದಲ್ಲಿ ಹಸಿ ಫಾವಾ ಅವರೆಕಾಯಿ ಸುಲಿಯುತ್ತಿದ್ದಳು.

"ಸೌಟು ಗೀಟು ಏನೂ ಇರ್ಲಿಲ್ಲ. ಸುತ್ತಿಗೆ ಹಿಡಿದಿದ್ದೆ" ಎಂದಳು.

ಮಿರೆಲ್ಲಾ ಬೈನಾಕ್ಯುಲರ್ ಎತ್ತಿ ಆಕಾಶ ಹುಡುಕುತ್ತಾ, "ಕೋಸಿಮೊ ಕಥೆ ಎಷ್ಟು ಸಲ ಕೇಳಿಲ್ಲ, ಅಜ್ಜ" ಎಂದು ನಕ್ಕಳು. ಆಗ ಗೋಡೆಯ ಕೆಳಗಿನಿಂದ ಜೇನುಗಿಡುಗವೊಂದು ಎದ್ದುಬಂದು, ಅವಳ ಮುಖದ ಮಟ್ಟಕ್ಕೆ, ಗಾಳಿಯಲ್ಲಿ ನಿಂತಿತು. ತಲೆ ತಿರುಗಿಸಿತು. ನೋಡಿತು. ಬಳಿಕ ರೆಕ್ಕೆಯೊಂದನ್ನು ತುಸು ಓರೆ ಮಾಡಿ ಜಲಸಂಧಿಯ ಕಡೆಗೆ ಜಾರಿಹೋಯಿತು.

ಹುಡುಗಿಯ ಕೈಯಲ್ಲಿದ್ದ ಬೈನಾಕ್ಯುಲರ್ ಮಡಿಲಿಗಿಳಿದಿತ್ತು. ಮುಖ ಬಿಳಿಚಿಕೊಂಡಿತ್ತು.

"ಅಜ್ಜ," ಎಂದಳು ಕಡೆಗೆ, "ಕೊಂಬಿನ ಕಥೆ ಬೇಡ. ಅದು ನಿನ್ನ ನೋಡ್ತಲ್ಲ... ಅಲ್ಲಿಂದ ಇನ್ನೊಂದ್ಸಲ ಹೇಳು."